ಅವರೇ ಹೊಡಿ ಅಂದರು

“ಒಂದೇ ಹೊಡಿ ತಮಾ. ಆನು ಅಲ್ಲಾಡ್ತ್ನಿಲ್ಲೆ.”

ಪಿಂಚಣಿಯ ಕಾಗದಕ್ಕೆ ಫೋಟೋ ಬೇಕೆಂದು ಬಂದ ಅಜ್ಜಿ ಸ್ಟೂಲಿನ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, ಉಸಿರು ಬಿಗಿಹಿಡಿದು ಹೀಗೆ ಹೇಳಿದಳು. ಸ್ಟುಡಿಯೋದ ವಿನೋದ ಒಂದು ಹೊಡೆದ. ಅಜ್ಜಿ ಅಲ್ಲಾಡಲಿಲ್ಲ. ಫ್ಲ್ಯಾಶ್ ಮಿಂಚಿ ಆರಿದ ಮೇಲೂ ಅಲ್ಲಾಡಲಿಲ್ಲ. ಕೊನೆಗೆ ಅವನೇ ಹೋಗಿ, ಮುಗಿಯಿತು ಅಜ್ಜಿ, ಏಳಿ ಎಂದು ಕೈಹಿಡಿದು ಎಬ್ಬಿಸಬೇಕಾಯಿತು.

ನಾನು ಗೋಡೆ ಬದಿಯ ಬೆಂಚಿನಲ್ಲಿ ಕೂತಿದ್ದೆ. ತೊಡೆಯ ಮೇಲೆ ಹುಚ್ಚ ಎಂಬವನು ಪೊಲೀಸರಿಗೆ ಕೊಟ್ಟ ಹೇಳಿಕೆಯ ಜೆರಾಕ್ಸ್ ಪ್ರತಿ ಇತ್ತು. ಬೆಳಗಿನಿಂದ ಅದನ್ನು ನಾಲ್ಕನೇ ಸಲ ಓದುತ್ತಿದ್ದೆ. ಅಜ್ಜಿಯ ಮಾತು ಕಿವಿಗೆ ಬಿದ್ದದ್ದೇ ತಲೆಯೆತ್ತಿ ಅವಳನ್ನು ನೋಡಿದೆ, ತಲೆ ತಗ್ಗಿಸಿ ಕಾಗದವನ್ನು ನೋಡಿದೆ.

“ಸದರಿ ಉಲ್ಲಾಸರವರಿಗೆ ನಾನು ಒಂದು ಹೊಡೆದಿರುತ್ತೇನೆ. ಹೊಡೆ ಎಂದು ಸದರಿಯವರೇ ಹೇಳಿರುತ್ತಾರೆ. ತದನಂತರ ಸದರಿಯವರು ಅಲುಗಾಡಿರುವುದಿಲ್ಲ. ನಾನು ನಲವತ್ತರವರೆಗೆ ಎಣಿಸಿ ಬಿಟ್ಟಿರುತ್ತೇನೆ.”

ಮೂವತ್ತಾರು ವರ್ಷ ಖಾಕಿ ಹಾಕಿದ್ದ ಈ ಚಂದ್ರಶೇಖರಪ್ಪನಿಗೆ ಒಂದು ವಾರದಿಂದ ಹೊಳೆಯದ್ದನ್ನು ಆ ಅಜ್ಜಿ ಒಂದು ಉಸಿರಿನಲ್ಲಿ ಹೇಳಿ ಚೀಲ ಎತ್ತಿಕೊಂಡು ಹೋದಳು.

ಹನ್ನೊಂದು ದಿನದ ಹಿಂದೆ ಎಕ್ಕಂಬಿಯ ಹಳೇ ಹಂಚಿನ ಕಾರ್ಖಾನೆಯ ಭಟ್ಟಿಯೊಳಗೆ ಫೋಟೋಗ್ರಾಫರ್ ಉಲ್ಲಾಸ ತಲೆಯ ಹಿಂದೆ ಪೆಟ್ಟು ಬಿದ್ದು ಸತ್ತ ದಿನವೇ ಅಲ್ಲಿನ ವಾಚ್‌ಮನ್ ಹುಚ್ಚ ಈ ಹೇಳಿಕೆ ಕೊಟ್ಟು ಒಳಗೆ ಹೋಗಿದ್ದ. ಸಾಯುವವನೇ ಯಾಕೆ ಹೊಡಿ ಅಂದ, ಹೊಡೆದವನು ಯಾಕೆ ಎಣಿಸಿದ ಎಂದು ಠಾಣೆಯಲ್ಲಿ ಯಾರೂ ಕೇಳಲಿಲ್ಲ. ಕುಡಿದಿದ್ದಿರಬೇಕು ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನಮ್ಮದು. ನಾನು ಅದೇ ಕೊಟ್ಟಿಗೆಯಲ್ಲಿ ಬೆಳೆದವನಾದ್ದರಿಂದ ಬಯ್ಯುವ ಹಕ್ಕು ನನಗಿದೆ.

ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ನಿಜ. ಆದರೆ ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಹುಚ್ಚನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಅಲ್ಲಿಯೂ ಅವನು ಇದೇ ಮಾತು ಹೇಳಿದರೆ ಅದು ನಿಲ್ಲುತ್ತದೆ. ಆಮೇಲೆ ಅವನ ಹೆಂಡತಿ ದುರ್ಗಮ್ಮ ಯಾರ ಕಾಲು ಹಿಡಿದರೂ ಪ್ರಯೋಜನವಿಲ್ಲ.

ನನ್ನನ್ನು ಈ ಕೆಲಸಕ್ಕೆ ಹಚ್ಚಿದವಳು ದುರ್ಗಮ್ಮ. ನಿವೃತ್ತನಾದ ಮೇಲೆ ಶಿರಸಿಯಲ್ಲಿ ಖಾಸಗಿ ಪತ್ತೇದಾರ ಎಂದು ಬೋರ್ಡು ಹಾಕಿಕೊಂಡಿದ್ದೇನೆ. ಬರುವವರಲ್ಲಿ ಮುಕ್ಕಾಲು ಪಾಲು ಮದುವೆ ಗಂಡಿನ ಗುಣ ವಿಚಾರಿಸಲು ಬರುತ್ತಾರೆ. ಇವಳು ಮಾತ್ರ ಇಡಗುಂದಿಯಿಂದ ಎರಡು ಬಸ್ಸು ಬದಲಿಸಿ ಬಂದು, ಇಪ್ಪತ್ತೈದು ವರ್ಷ ಸಂಸಾರ ಮಾಡಿದವರ ಗುಣ ನಂಗೊತ್ತು, ಉಳಿದವ್ರಿಗೆ ತಿಳಿಸಿಕೊಡಿ ಎಂದಿದ್ದಳು.

ವಿನೋದನನ್ನು ಹತ್ತಿರ ಕರೆದೆ. ಉಲ್ಲಾಸನ ಫಿಲ್ಮುಗಳನ್ನೆಲ್ಲ ತೊಳೆಯುತ್ತಿದ್ದವನು ಇವನೇ. ಮೂರು ತಾಲೂಕಿನಲ್ಲಿ ಕತ್ತಲೆ ಕೋಣೆಯನ್ನೂ ಅದರ ಔಷಧಿಗಳನ್ನೂ ಇನ್ನೂ ಇಟ್ಟುಕೊಂಡ ಸ್ಟುಡಿಯೋ ಇದೊಂದೇ. ಭಟ್ಟಿಯೊಳಗೆ ಫೋಟೋ ತೆಗೆಯುವಾಗ ಉಲ್ಲಾಸ ಏನು ಮಾಡುತ್ತಿದ್ದ, ಹುಚ್ಚ ಏನು ಮಾಡುತ್ತಿದ್ದ, ಒಂದೂ ಬಿಡದೆ ಹೇಳು ಎಂದೆ.

ಅವನು ಗೋಡೆಯ ಮೇಲಿದ್ದ ದೊಡ್ಡ ಕಪ್ಪುಬಿಳುಪು ಚಿತ್ರ ತೋರಿಸಿ ಶುರುಮಾಡಿದ. ಅದೇ ಕಾರ್ಖಾನೆಯ ಹೊಗೆ ಕೊಳವೆ. ನೆಟ್ಟಗೆ ಎದುರಿನಿಂದ ತೆಗೆದದ್ದು. ಹಿಂದೆ ಬೆಳ್ಳಗಿನ ಮೋಡ, ಎಲ್ಲಿಯೂ ನೆರಳಿಲ್ಲ, ಒಂದು ನರಪಿಳ್ಳೆಯೂ ಇಲ್ಲ. ಸಿದ್ದಾಪುರದ ಸಾಮಿಲ್ಲು, ಬನವಾಸಿ ರಸ್ತೆಯ ಅಕ್ಕಿ ಗಿರಣಿ, ಯಲ್ಲಾಪುರದ ಕಡೆಯ ಪಾಳುಬಿದ್ದ ಕಾರ್ಖಾನೆ ಶೆಡ್ಡುಗಳು, ಎಲ್ಲವನ್ನೂ ಉಲ್ಲಾಸ ಹೀಗೇ ತೆಗೆದಿದ್ದ. ಬಿಸಿಲಿದ್ದರೆ ಕ್ಯಾಮೆರಾ ಬಿಚ್ಚುತ್ತಿರಲಿಲ್ಲವಂತೆ. ಒಂದು ಮೋಡದ ದಿನಕ್ಕಾಗಿ ವಾರಗಟ್ಟಲೆ ಕಾಯುವುದು ನೋಡಿ ಊರವರು, ಇವನಿಗೆ ಮುರಿದ ಗೋಡೆಯ ಹುಚ್ಚು, ಜೊತೆಗಿರುವವನ ಹೆಸರೇ ಹುಚ್ಚ, ಜೋಡಿ ಚೆನ್ನಾಗಿದೆ ಎಂದು ನಗುತ್ತಿದ್ದರು.

ನನಗೂ ಮೊದಮೊದಲು ಈ ಚಿತ್ರಗಳು ಹಿಡಿಸಿರಲಿಲ್ಲ. ಜನರಿಲ್ಲದ ಜಾಗವೆಂದರೆ ಪೊಲೀಸನಿಗೆ ಸಾಕ್ಷಿಯಿಲ್ಲದ ಜಾಗ. ಆದರೆ ಒಂದು ವಾರದಿಂದ ನೋಡಿ ನೋಡಿ, ಆ ಕೊಳವೆಯ ಒಂದೊಂದು ಇಟ್ಟಿಗೆಯನ್ನೂ ಯಾರೋ ಹೊತ್ತು ಮೇಲೆ ಹತ್ತಿದ್ದಾರೆ ಎನ್ನುವುದು ಕಾಣತೊಡಗಿತ್ತು. ಇಷ್ಟು ಅಕ್ಕರೆಯಿಂದ ನೋಡುತ್ತಿದ್ದ ಮನುಷ್ಯ ಸತ್ತುಹೋದನಲ್ಲ. ಬದುಕಿದ್ದಾಗ ಒಮ್ಮೆ ಮಾತಾಡಿಸಿದ್ದರೆ ನನ್ನ ಗಂಟೇನು ಹೋಗುತ್ತಿತ್ತು.

ಹುಚ್ಚ ಎರಡು ವರ್ಷದಿಂದ ಉಲ್ಲಾಸನ ಮುಕ್ಕಾಲಿ ಹೊರುತ್ತಿದ್ದನಂತೆ. ಆಮೇಲೆ ಕ್ಯಾಮೆರಾದ ತಂತಿ ಒತ್ತುವುದನ್ನೂ ಕಲಿತ. ಉಲ್ಲಾಸ ದೀಪವನ್ನೋ ಬಿಳಿ ಬಟ್ಟೆಯನ್ನೋ ಹಿಡಿದು ಒಳಗಿನ ಮೂಲೆಗೆ ಹೋಗಿ ನಿಂತು ಕೂಗುತ್ತಿದ್ದ. ಹುಚ್ಚ ತಂತಿ ಒತ್ತಿ ಹಿಡಿದು, ಹೇಳಿದಷ್ಟು ಎಣಿಸಿ, ಬಿಡುತ್ತಿದ್ದ. ಹೊರಗಾದರೆ ಒಂದೆರಡು ಎಣಿಸಿದರೆ ಸಾಕು. ಭಟ್ಟಿಯ ಕತ್ತಲಲ್ಲಿ ನಲವತ್ತು ಬೇಕು.

“ಕೂಗಿ ಏನಂತಿದ್ರು?” ಎಂದೆ.

“ಹೊಡಿ ಹುಚ್ಚಣ್ಣ ಅಂತಿದ್ರು ಸರ್. ಮತ್ತೆಂತ ಅಂತಾರೆ?”

ಮತ್ತೆಂತ ಅನ್ನುತ್ತಾರೆ. ಅಡಕೆ ಸುಲಿಯುವವರು ಸುಲಿದಾಯ್ತಾ ಎಂದಷ್ಟೇ ಕೇಳುತ್ತಾರೆ, ಏನನ್ನು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಅವರಿಬ್ಬರ ನಡುವೆ ಫೋಟೋ ಎನ್ನುವ ಮಾತು ಬೇಕಾಗಿಯೇ ಇರಲಿಲ್ಲ.

ಹೇಳಿಕೆ ಬರೆದುಕೊಂಡ ಹೆಡ್ ಕಾನ್‌ಸ್ಟೇಬಲ್ ಸತೀಶನಿಗೆ ಫೋನು ಹಚ್ಚಿದೆ. ಅರ್ಧ ಗಂಟೆಯಲ್ಲಿ ಬೈಕಿನಲ್ಲಿ ಬಂದ. ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗ, ಈಗ ಅವನ ಮೀಸೆಯೂ ನರೆತಿದೆ. ಅವನ ಅಕ್ಷರ ದುಂಡಗೆ ಇರುತ್ತದೆ. ಹೇಳಿಕೆಯಲ್ಲಿ ಅಡ್ಡಾದಿಡ್ಡಿ ಮಾತು ಇಡಬೇಡ, ಹಳ್ಳಿಯವರು ಹೇಳಿದ್ದನ್ನು ಸ್ವಚ್ಛ ಮಾಡಿ ‘ಇರುತ್ತೇನೆ, ಇರುತ್ತಾನೆ’ ಹಚ್ಚಿ ಬರಿ ಎಂದು ಅವನಿಗೆ ಕಲಿಸಿದವನು ನಾನು.

ಹುಚ್ಚ ತನ್ನ ಬಾಯಲ್ಲಿ ಹೇಗೆ ಹೇಳಿದ, ಹಾಗೇ ಹೇಳು ಎಂದೆ. ಸತೀಶ ನೆನಪು ಮಾಡಿಕೊಂಡು ಹೇಳಿದ. ನೀನೇ ಹೊಡೆದದ್ದಾ ಎಂದು ಇವನು ಕೇಳಿದ್ದಾನೆ. ಅವನು, “ಹೌದು, ನಾನೇ ಹೊಡ್ದೆ, ಅವ್ರೇ ಹೊಡಿ ಅಂದ್ರು, ಒಂದೇ ಹೊಡ್ದಿದ್ದು, ಅವ್ರು ಅಲ್ಲಾಡ್ಲೇ ಇಲ್ಲ, ನಲವತ್ತು ಎಣಿಸಿ ಬಿಟ್ಟೆ” ಎಂದಿದ್ದಾನೆ. ಹೇಳುತ್ತ ಹೇಳುತ್ತ ಸತೀಶನ ದನಿ ಸಣ್ಣದಾಯಿತು. ವಿನೋದನ ಸ್ಟೂಲು, ಹಿಂದಿನ ಬಿಳಿ ಪರದೆ, ಕ್ಯಾಮೆರಾ ಎಲ್ಲವನ್ನೂ ಒಮ್ಮೆ ನೋಡಿದ. ಆಮೇಲೆ ಸ್ಟೂಲಿನ ಮೇಲೆ ಕೂತುಬಿಟ್ಟ.

ಅವನಿಗೆ ಬಯ್ಯಲು ನನಗೆ ಬಾಯಿ ಬರಲಿಲ್ಲ. ನಾನೇ ಬರೆದ ಸಾವಿರಾರು ಹೇಳಿಕೆಗಳು ಕಣ್ಣ ಮುಂದೆ ಬಂದವು. ಅವುಗಳಲ್ಲಿ ಎಷ್ಟು ಜನ ಏನು ಹೇಳಿದ್ದರೋ, ನಾನು ಏನು ಸ್ವಚ್ಛ ಮಾಡಿದ್ದೆನೋ. ಯಾರ ಮುಖವೂ ಸರಿಯಾಗಿ ನೆನಪಾಗದೆ ಹೆದರಿಕೆಯಾಯಿತು.

ಸತೀಶ ಸುಮ್ಮನೆ ಒಪ್ಪುವವನಲ್ಲ, ಅದನ್ನೂ ನಾನೇ ಕಲಿಸಿದ್ದು. ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡು ಒಂದು ಮಾತು ತೆಗೆದ. ಉಲ್ಲಾಸ ಇಷ್ಟು ವರ್ಷದಲ್ಲಿ ಒಂದೇ ಒಂದು ಮನುಷ್ಯನ ಫೋಟೋ ತೆಗೆದವನಲ್ಲ. ಅಂಥವನು ಅವತ್ತು ತಾನೇ ಕ್ಯಾಮೆರಾದ ಮುಂದೆ ಯಾಕೆ ಬಂದ? ಬಂದು ನಲವತ್ತು ಎಣಿಸುವ ತನಕ ಅಲ್ಲಾಡದೆ ಯಾಕೆ ಇದ್ದ?

ಉತ್ತರ ಎಲ್ಲಿದೆ ಎಂದು ವಿನೋದನಿಗೆ ಗೊತ್ತಿತ್ತು.

ಉಲ್ಲಾಸನ ಕ್ಯಾಮೆರಾದ ಫಿಲ್ಮು ಪುಸ್ತಕದಷ್ಟು ಅಗಲದ ಚಪ್ಪಟೆ ಡಬ್ಬಿಯಲ್ಲಿರುತ್ತದೆ. ಈ ಮಗ್ಗುಲಿಗೊಂದು, ಆ ಮಗ್ಗುಲಿಗೊಂದು. ಎರಡಕ್ಕೂ ಎಳೆಯುವ ಮುಚ್ಚಳ. ಮುಚ್ಚಳದ ಬಿಳಿ ಅಂಚು ಹೊರಗಿದ್ದರೆ ಇನ್ನೂ ಹೊಡೆದಿಲ್ಲ, ಕಪ್ಪು ಅಂಚು ಹೊರಗಿದ್ದರೆ ಹೊಡೆದಾಗಿದೆ. ಸತೀಶ ತನ್ನ ಮೊಬೈಲಿನಲ್ಲಿ ಮುದ್ದೆಮಾಲಿನ ಫೋಟೋಗಳನ್ನು ಹುಡುಕಿದ. ಸ್ಥಳದಲ್ಲಿ ಜಪ್ತಿ ಮಾಡಿದ ಸಾಮಾನುಗಳಲ್ಲಿ ಒಂದೇ ಡಬ್ಬಿ ಕ್ಯಾಮೆರಾದಲ್ಲೇ ಸಿಕ್ಕಿಕೊಂಡಿತ್ತು. ಅದರ ಒಂದು ಮಗ್ಗುಲಿನ ಮುಚ್ಚಳವನ್ನು, ಒಳಗೆ ಏನಿದೆ ನೋಡೋಣವೆಂದು ಠಾಣೆಯಲ್ಲಿ ಬೆಳಕಿಗೆ ಎಳೆದಿದ್ದರು. ಆ ಫಿಲ್ಮು ಹಾಳಾದಂತೆಯೇ ಎಂದು ವಿನೋದ ತಲೆ ಚಚ್ಚಿಕೊಂಡ.

ಇನ್ನೊಂದು ಮಗ್ಗುಲನ್ನು ಯಾರೂ ಮುಟ್ಟಿರಲಿಲ್ಲ. ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದೆವು. ಅಂಚು ಕಪ್ಪಾಗಿತ್ತು.

ಸತೀಶ ಸಾಹೇಬರ ಅನುಮತಿ ತರುತ್ತೇನೆಂದು ಹೊರಟ. ಪಂಚರ ಮುಂದೆಯೇ ತೊಳೆಸೋಣ, ಕಾಯಿದೆಯ ಪ್ರಕಾರವೇ ಆಗಲಿ ಎಂದ. ಬಾಗಿಲ ಹತ್ತಿರ ನಿಂತು, “ನನ್ನ ಕೈಯಿಂದ ತಪ್ಪಾಯ್ತಲ್ಲ ಸರ್” ಎಂದ. ನಮ್ಮ ಕೈಯಿಂದ ಎಂದು ತಿದ್ದಿದೆ.

ಮಧ್ಯಾಹ್ನ ಮೂರಕ್ಕೆ ವಿನೋದ, ಸತೀಶ, ಪಂಚರು ಕತ್ತಲೆ ಕೋಣೆಗೆ ಹೋದರು. ಒಂದು ಗಂಟೆಯಾದರೂ ಬೇಕು ಎಂದಿದ್ದ ವಿನೋದ. ನಾನು ಸಬ್ ಜೈಲಿಗೆ ನಡೆದೆ.

ದುರ್ಗಮ್ಮ ಜೈಲಿನ ಎದುರಿನ ಕಟ್ಟೆಯ ಮೇಲೆ ಆಗಲೇ ಬಂದು ಕೂತಿದ್ದಳು. ಫೋನಿನಲ್ಲಿ ನಾನು ಸ್ವಲ್ಪ ಹೇಳಿದ್ದೆ. ಹೇಳಬಾರದಿತ್ತು. ಅವಳು ಗಂಡನ ಒಗೆದ ಪಂಚೆ, ಬಿಳಿ ಅಂಗಿ ಚೀಲದಲ್ಲಿ ತಂದಿದ್ದಳು, ನಾಳೆ ಕೋರ್ಟಿನಿಂದ ಸೀದಾ ಮನೆಗೆ ಬರುವಾಗ ಉಟ್ಟುಕೊಳ್ಳಲಿ ಎಂದು. ಮಗಳು ಕಾವ್ಯಶ್ರೀ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳಂತೆ. ಪರೀಕ್ಷೆ ಹಾಳಾಗದಿರಲಿ ಎಂದು ಅಪ್ಪನ ಸುದ್ದಿ ಅವಳಿಗೆ ಹೇಳಿಯೇ ಇಲ್ಲ. ಇನ್ನು ಹೇಳುವುದೇ ಬೇಡ ಅಲ್ಲವಾ ಎಂದು ಕೇಳಿದಳು. ಬೇಡ ಎಂದೆ.

ವಕೀಲರ ಚೀಟಿ ತೋರಿಸಿ ಒಳಗೆ ಹೋದೆ. ಜಾಲರಿಯ ಆಚೆ ಹುಚ್ಚ ಬಂದು ನಿಂತ. ಸಣಕಲು ಮೈ, ಐವತ್ತೈದರ ವಯಸ್ಸು, ಕಣ್ಣು ಮಾತ್ರ ಮಗುವಿನದು. ನಾನು ಪೀಠಿಕೆ ಹಾಕಲಿಲ್ಲ.

“ಹುಚ್ಚಪ್ಪ, ನೀ ಅವತ್ತ ಹೊಡದದ್ದು ಫೋಟೋ. ಹೌದಿಲ್ಲೋ?”

ಅವನು ಕಣ್ಣರಳಿಸಿದ. ಸಂತೋಷಕ್ಕೆ ಎಂದುಕೊಂಡೆ. ತಪ್ಪು ಹೇಗಾಯಿತು, ಬರೆದವರು ಹೇಗೆ ಕೇಳಿಸಿಕೊಂಡರು, ನಾಳೆ ಮ್ಯಾಜಿಸ್ಟ್ರೇಟರ ಮುಂದೆ ಏನು ಹೇಳಬೇಕು ಎಲ್ಲವನ್ನೂ ವಿವರಿಸಿದೆ. ಫೋಟೋ ಎನ್ನುವ ಒಂದು ಮಾತು ಸೇರಿಸಿದರೆ ಸಾಕು, ಮನೆಗೆ ಹೋಗುತ್ತೀ ಎಂದೆ. ನನ್ನ ಜಾಣತನಕ್ಕೆ ನಾನೇ ಬೀಗಿದ್ದೆನೋ ಏನೋ, ಅವನ ಮುಖ ಬಿಳುಚಿಕೊಂಡದ್ದು ತಡವಾಗಿ ಕಂಡಿತು.

“ಅದು ತೊಳ್ದಾಯ್ತಾ ಸಾಯೇಬ್ರೆ?”

“ತೊಳಿಯಾಕ ಹತ್ಯಾರ. ಇನ್ನೊಂದು ತಾಸಿನ್ಯಾಗ ಬರತೈತಿ.”

ಅವನು ಜಾಲರಿ ಹಿಡಿದುಕೊಂಡ. ಉಗುರುಗಳ ಸಂದಿಯಲ್ಲಿ ಹಂಚಿನ ಕೆಂಪು ಧೂಳು ಇನ್ನೂ ಇತ್ತು.

“ಬ್ಯಾಡ. ತೊಳೀಬ್ಯಾಡ ಅಂತ ಹೇಳಿ.”

ಯಾಕೆಂದು ಕೇಳಿದೆ. ಅದರಲ್ಲಿ ಏನಿದೆ ಎಂದೆ. ತಲೆ ಅಲ್ಲಾಡಿಸಿದ. ಅದು ಬಂದರೆ ನೀನು ಸುಳ್ಳು ಹೇಳಿಲ್ಲ ಎಂದು ಲೋಕಕ್ಕೆ ಗೊತ್ತಾಗುತ್ತದಲ್ಲೋ ಮಾರಾಯ ಎಂದೆ. ಅವನ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲೂ ಇಲ್ಲ.

“ಫೋಟೋ ಅಲ್ಲ ಸಾಯೇಬ್ರೆ. ಕೋಲಲ್ಲೇ ಹೊಡ್ದಿದ್ದು. ನಾಳಿಗೂ ಅದನ್ನೇ ಹೇಳ್ತೆ.”

“ಸುಳ್ಳು ಹೇಳಬ್ಯಾಡೋ.”

“ಅವ್ರು ಬರ್ಕಂಡಿದ್ದು ಸರಿ ಅದೆ. ಹಂಗೇ ಇರ್ಲಿ ಬಿಡಿ.”

ಆಗ ನನಗೆ ಅರ್ಥವಾಯಿತು. ಅವತ್ತು ಠಾಣೆಯಲ್ಲಿ ಅವನು ಹೇಳಿದ್ದು ನಿಜವನ್ನೇ. ಆದರೆ ಪೂರಾ ನಿಜವನ್ನಲ್ಲ. ಯಾರನ್ನೋ ಒಬ್ಬರನ್ನು ಮಾತಿನಿಂದ ಹೊರಗೆ ಇಟ್ಟು, ಉಳಿದದ್ದನ್ನು ಮಾತ್ರ ಹೇಳಿದ್ದ. ಬರೆದುಕೊಂಡವರು ಅದನ್ನು ತಪ್ಪಾಗಿ ಕೇಳಿಸಿಕೊಂಡಾಗ, ಆ ತಪ್ಪಿನಲ್ಲೇ ಆ ಒಬ್ಬರನ್ನು ಅಡಗಿಸಿಡಲು ಜಾಗ ಸಿಕ್ಕಿತು ಎಂದು ಸುಮ್ಮನಾಗಿದ್ದ. ಹನ್ನೊಂದು ದಿನ ಕಂಬಳಿಯ ಮೇಲೆ ಮಲಗಿ ಅದನ್ನೇ ಕಾಯ್ದುಕೊಂಡು ಬಂದಿದ್ದ. ನಾನು ಶ್ಯಾಣ್ಯಾ ಬಂದು ಆ ಮುಚ್ಚಳ ತೆಗೆದಿದ್ದೆ.

ಆ ಫೋಟೋದಲ್ಲಿ ಉಲ್ಲಾಸನ ಜೊತೆ ಯಾರಿದ್ದಾರೆ ಎಂದು ಮೂರು ಸಲ ಕೇಳಿದೆ. ಅವನು ಹೇಳಲಿಲ್ಲ. ಇಷ್ಟು ಮಾತ್ರ ಹೇಳಿದ. ತಂತಿ ಬಿಟ್ಟ ಮೇಲೆ ಗೇಟಿನ ಹತ್ತಿರ ಚಾ ಕಾಸಲು ಹೋಗಿದ್ದನಂತೆ. ಮೂರು ಲೋಟ ಚಾ ಹಿಡಿದು ವಾಪಸು ಬಂದಾಗ ಉಲ್ಲಾಸ ಬಿದ್ದಿದ್ದ. ಬೇರೆ ಯಾರೂ ಇರಲಿಲ್ಲ. ಮೂರು ಲೋಟ ಎಂದು ಬಾಯಿತಪ್ಪಿ ಹೇಳಿದ್ದು ಅವನಿಗೆ ಆಮೇಲೆ ಗೊತ್ತಾಗಿ, ಜಾಲರಿಗೆ ಹಣೆ ಆನಿಸಿ ನಿಂತುಬಿಟ್ಟ.

ಕಾವಲುಗಾರ ಬಂದು ಹೊತ್ತು ಮುಗಿಯಿತು ಎಂದ.

ಹೊರಗೆ ಬಂದರೆ ದುರ್ಗಮ್ಮ ಎದ್ದು ನಿಂತಳು. ಅವ್ರು ಎಂತ ಅಂದ್ರು ಎಂದು ಕೇಳಿದಳು. ಸುಸ್ತಾಗಿದ್ದಾನೆ, ನಾಳೆ ನೋಡೋಣ ಎಂದೇನೋ ತೊದಲಿದೆ. ಇಷ್ಟು ವರ್ಷ ಕಳ್ಳರ ಮುಂದೆ ಸಲೀಸಾಗಿ ಸುಳ್ಳು ಹೇಳಿದವನಿಗೆ ಆ ಹೆಂಗಸಿನ ಮುಂದೆ ಬರಲಿಲ್ಲ. ಕಟ್ಟೆಯ ಮೇಲೆ ಅವಳ ಪಕ್ಕ ಕೂತೆ.

ಅಷ್ಟರಲ್ಲಿ ವಿನೋದನ ವಾಟ್ಸಪ್ ಬಂತು. ತೊಳೆದ ಫಿಲ್ಮನ್ನು ಬೆಳಕಿಗೆ ಹಿಡಿದು, ಮೊಬೈಲಿನಲ್ಲಿ ತೆಗೆದು, ಕಪ್ಪನ್ನು ಬಿಳಿ ಮಾಡಿ ಕಳಿಸಿದ್ದ. ಕೆಳಗೆ ಒಂದಕ್ಷರವೂ ಇರಲಿಲ್ಲ.

ಭಟ್ಟಿಯ ಕಮಾನು ಬಾಗಿಲು. ಒಂದೊಂದು ಇಟ್ಟಿಗೆಯೂ ಎಣಿಸುವಷ್ಟು ಸ್ಪಷ್ಟ. ಬಾಗಿಲ ನಡುವೆ ಬೋರಲು ಹಾಕಿದ, ಮಣ್ಣು ತುಂಬುವ ಪೆಟ್ಟಿಗೆಯ ಮೇಲೆ ಉಲ್ಲಾಸ ಕೂತಿದ್ದ. ಅವನ ಹಿಂದೆ ಒಬ್ಬ ಹುಡುಗಿ ಅವನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು. ನಲವತ್ತು ಎಣಿಸುವ ತನಕ ಅವಳೂ ಅಲ್ಲಾಡಿರಲಿಲ್ಲ. ಮುಖ, ಕಣ್ಣು, ಕೊರಳಿನ ಸಣ್ಣ ಸರ ಎಲ್ಲ ಕಾಣುತ್ತಿತ್ತು. ಹೆದರಿದವಳ ಮುಖ ಅದಲ್ಲ. ಸುಖವಾಗಿರುವವರು ಕ್ಯಾಮೆರಾ ನೋಡುವ ಹಾಗೆ ನೋಡುತ್ತಿದ್ದಳು.

ಅವಳು ಯಾರೆಂದು ನನಗೆ ಗೊತ್ತಿರಲಿಲ್ಲ. ನಾನು ಫೋನು ಆರಿಸುವ ಮೊದಲೇ ದುರ್ಗಮ್ಮ ಬಗ್ಗಿ ನೋಡಿದ್ದಳು.

“ನಮ್ ಕಾವ್ಯ,” ಎಂದಳು. ಮುಖ ಒಂದು ಗಳಿಗೆ ಅರಳಿತು. ಎಷ್ಟು ಚಂದ ಬಂದಿದೆ ಎಂದು ಬೆರಳಿನಿಂದ ಮುಟ್ಟಿದಳು. ಆಮೇಲೆ ಬಾಗಿಲು ನೋಡಿದಳು, ಕೂತವನನ್ನು ನೋಡಿದಳು. ಬೆರಳು ಅಲ್ಲೇ ನಿಂತಿತು.

ಅವಳೇ ಮೆಲ್ಲಗೆ ಹೇಳತೊಡಗಿದಳು, ನನಗಲ್ಲ, ತನಗೇ. ಕಾವ್ಯ ದಿನಾ ಸಂಜೆ ಫೋನು ಮಾಡುತ್ತಾಳೆ. ಉಂಡ್ಯಾ ಎಂದು ಕೇಳುತ್ತಾಳೆ, ದನದ ಸುದ್ದಿ ಕೇಳುತ್ತಾಳೆ. ಮೊದಲೆಲ್ಲ ಅಪ್ಪನಿಗೆ ಕೊಡು ಎಂದು ಜಗಳವಾಡಿ ಮಾತಾಡುತ್ತಿದ್ದವಳು, ಈ ಹನ್ನೊಂದು ದಿನದಲ್ಲಿ ಒಂದು ಸಲವೂ ಅಪ್ಪ ಎಲ್ಲಿ ಎಂದು ಕೇಳಿಲ್ಲ. ಪರೀಕ್ಷೆಯ ಗಡಿಬಿಡಿ ಎಂದು ಇವಳು ಅಂದುಕೊಂಡಿದ್ದಳು. ಕೇಳಿದರೆ ಏನು ಸುಳ್ಳು ಹೇಳಲಿ ಎಂದು ದಿನಾ ಹೆದರುತ್ತಿದ್ದವಳಿಗೆ, ಕೇಳಲಿಲ್ಲವಲ್ಲ ಎಂದು ಸಮಾಧಾನವೇ ಆಗುತ್ತಿತ್ತಂತೆ.

ಹುಡುಗಿ ಏನು ಮಾಡಿದ್ದಾಳೆ, ಏನನ್ನು ನೋಡಿ ಓಡಿದ್ದಾಳೆ ಯಾರಿಗೆ ಗೊತ್ತು. ಪಕ್ಕದಲ್ಲಿ ನಿಂತವರೆಲ್ಲ ಕೊಂದವರಲ್ಲ ಎಂದು ದುರ್ಗಮ್ಮನಿಗೆ ಹೇಳಿದೆ. ನಿಜವಾಗಿಯೂ ನಂಬಿಯೇ ಹೇಳಿದೆ. ಆದರೆ ಈ ಚಿತ್ರ ಕೋರ್ಟಿಗೆ ಹೋದರೆ ಅಪ್ಪ ಹೊರಗೆ ಬಂದ ಬಾಗಿಲಿನಿಂದಲೇ ಮಗಳು ಒಳಗೆ ಹೋಗುತ್ತಾಳೆ, ಆಮೇಲಿನದು ಆಮೇಲೆ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಾಗಿತ್ತು. ಅತ್ತ ದರಿ, ಇತ್ತ ಪುಲಿ.

ಬಹಳ ಹೊತ್ತು ಅವಳು ಚೀಲದ ಬಾಯಿಗೆ ಗಂಟು ಹಾಕುತ್ತ, ಬಿಚ್ಚುತ್ತ ಕೂತಿದ್ದಳು. ಜೈಲಿನ ಗೋಡೆಯ ಕಡೆ ಒಮ್ಮೆ ನೋಡಿದಳು. ಆ ನೋಟವನ್ನು ನಾನು ನೋಡಬಾರದಿತ್ತು ಅನ್ನಿಸಿ ಮುಖ ತಿರುಗಿಸಿದೆ.

“ಸಾಯೇಬ್ರೆ,” ಎಂದಳು. “ನಾಳೆ ಅವ್ರು ಏನ್ ಹೇಳ್ತಾರೋ ಅದನ್ನೇ ಹೇಳ್ಲಿ.”

ಗಂಡನ ಗುಣ ಎಲ್ಲರಿಗೂ ತಿಳಿಸಿಕೊಡಿ ಎಂದು ಬಂದಿದ್ದವಳು ಹೇಳಿದ ಮಾತಿದು. ದನಿ ನಡುಗಲಿಲ್ಲ.

ಕೈಯಲ್ಲಿದ್ದ ಫೋನು ಹೊಡೆದುಕೊಳ್ಳತೊಡಗಿತು. ಸತೀಶ. ಎತ್ತಿದೆ.

“ಸರ್, ಫೋಟೋ ನೋಡಿದ್ರಾ?” ಎಂದ. ಸಾಹೇಬರು ಪಕ್ಕದಲ್ಲೇ ನಿಂತಿದ್ದಾರೆ ಎಂದು ದನಿ ತಗ್ಗಿಸಿದ. “ಈ ಹುಡುಗಿ ಯಾರು ಅಂತ ನಿಮಗೇನಾದ್ರೂ ಗೊತ್ತಾ?”

ದುರ್ಗಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದಳು.